ದೇವಿಯ ಮುಷ್ಟಿ, ಚಂಪಾ ಹಿಡಿದ ಹಗ್ಗ

ಬೇಲೆಕೇರಿಯ ದಂಡೆಯಲ್ಲಿ ಬೆಳಕು ಹರಿಯುವ ಹೊತ್ತು. ಚಂಪಾ ಹರಿಕಂತ್ರ ಉಪ್ಪಿನಿಂದ ತೆಗೆದ ಬಂಗಡೆಗಳನ್ನು ಚಾಪೆಯ ಮೇಲೆ ಹರಡುತ್ತಾರೆ. ಎರಡು ಬುಟ್ಟಿ ಮುಗಿಸಿ, ಕೈ ಒರೆಸಿಕೊಂಡು, ಪ್ಲಾಸ್ಟಿಕ್ ಚೀಲದೊಳಗಿನ ಮೊಬೈಲ್ ತೆಗೆದು ಫೋಟೊ ಹೊಡೆಯುತ್ತಾರೆ. ಒಂಬತ್ತಕ್ಕೆ ಅಂಕೋಲಾ ಪೇಟೆಗೆ ಒಣಮೀನು ಹೊರುವ ಈ ನಲವತ್ಮೂರರ ಹೆಂಗಸು ‘ಉಪ್ಪು ಬಿಸಿಲು’ ಎಂಬ ಬ್ಲಾಗ್ ಬರೆಯುತ್ತಾರೆಂದರೆ ಗಿರಾಕಿಗಳೇ ನಂಬುವುದಿಲ್ಲ.

ಬರೆಯುವುದು ಅತ್ತೆ ದೇವಿಯ ವಿದ್ಯೆಯನ್ನು. ಎಂಬತ್ತೊಂದರ ದೇವಿಗೆ ಅಕ್ಷರ ಬಾರದು; ಯಾವ ಮೀನಿಗೆ ಎಷ್ಟು ಉಪ್ಪು, ಎಷ್ಟು ಬಿಸಿಲು ಎಂಬುದೆಲ್ಲ ಕೈಗೆ ಗೊತ್ತು. “ಅವ್ರು ಇರುವಾಗ್ಲೇ ನಾಲ್ಕು ಜನ ಓದ್ಬೇಕು. ತಪ್ಪಿದ್ರೆ ಅವ್ರನ್ನೇ ಕೇಳೂಕೆ ಆಗ್ಬೇಕಲ್ರಾ,” ಎನ್ನುತ್ತಾರೆ ಚಂಪಾ.

ಮೊದಲ ಮೂರು ತಿಂಗಳು ಓದುಗರು ಏಳೇ ಜನ, ಏಳೂ ನೆಂಟರು. ಬೇರೆ ಜಾಲತಾಣಗಳು ಕೊಂಡಿ (ಲಿಂಕ್) ಕೊಡದೆ ಹೊರಗಿನವರು ಬರುವುದಿಲ್ಲ. ದುಡ್ಡು ಕೊಟ್ಟರೆ ವಾರದಲ್ಲಿ ಐನೂರು ಕೊಂಡಿ ಹಾಕಿಸುತ್ತೇನೆಂದು ಒಬ್ಬ ಫೋನ್ ಮಾಡಿದ. ಮಗಳು ಚಂದನಾ ಒಪ್ಪಿಕೋ ಎಂದಳು. ಚಂಪಾ ಒಪ್ಪಲಿಲ್ಲ. ದಂಡೆಗೆ ಬಲೆ ಎಳೆಯುವಾಗ ದಾರಿಹೋಕ ಹಗ್ಗಕ್ಕೆ ಕೈ ಹಾಕಿದರೂ ಅವನಿಗೊಂದು ಪಾಲು ಮೀನು ಕೊಡುವುದು ಇಲ್ಲಿನ ಪದ್ಧತಿ. “ಹಗ್ಗ ಹಿಡೀದೆ ಪಾಲು ಕೇಳೂಕೆ ನಂಗೆ ನಾಚ್ಕೆ.”

ಹಾಗಾಗಿ ಅವರು ಮೊದಲು ಹಿಡಿದದ್ದು ಬೇರೆಯವರ ಹಗ್ಗ. ಚಿತ್ತಾಕುಲದ ವಿನುತಾ ಕಾಳಿ ನದಿಯ ಬೆಳಚು ಎಂಬ ಚಿಪ್ಪುಮೀನಿನ ಬಗ್ಗೆ ಬರೆದದ್ದಕ್ಕೆ ಚಂಪಾ ತಮ್ಮ ಬ್ಲಾಗಿನಲ್ಲಿ ಕೊಂಡಿ ಕೊಡುತ್ತಾರೆ. ಅಡುಗೆ ತಾಣವೊಂದು ತಾರ್ಲಿ ಮೀನಿನ ಚಿತ್ರ ಹಾಕಿ ಅದನ್ನು ಬಂಗಡೆ ಎಂದಾಗ ಮೆತ್ತಗೆ ತಿಳಿಸಿ, ತಮ್ಮದೇ ಫೋಟೊ ಕಳಿಸುತ್ತಾರೆ. ಏನನ್ನೂ ಕೇಳುವುದಿಲ್ಲ. ಆ ತಾಣ ತಾನಾಗಿಯೇ ಅವರ ಹೆಸರು, ಕೊಂಡಿ ಎರಡನ್ನೂ ಹಾಕಿದೆ.

ಎಡವಿದ್ದೂ ಉಂಟು. ‘ಹತ್ತು ಬಂಗಡೆಗೆ ಮೂರು ಮುಷ್ಟಿ ಉಪ್ಪು’ ಎಂದು ಬರೆದದ್ದನ್ನು ನಂಬಿ ವಿನುತಾ ಮಾಡಿದ ಮೀನು ಬಾಯಿಗಿಡಲಾಗದಷ್ಟು ಉಪ್ಪಾಯಿತು. ಮೂರು ಮುಷ್ಟಿ ಎಂದದ್ದು ದೇವಿ, ಅವರ ಕೈಯೋ ಮಗುವಿನಷ್ಟು ಪುಟ್ಟದು. ಚಂಪಾ ಹಳೆಯ ಸಾಲನ್ನು ಅಳಿಸದೆ ಗೀಟು ಹಾಕಿ, ಮುಷ್ಟಿ ಅತ್ತೆಯದೆಂದು ತಿಳಿಸಿ, ತೆಂಗಿನ ಚಿಪ್ಪಿನ ಅಳತೆ ಬರೆದು, ವಿನುತಾಗೆ ಥ್ಯಾಂಕ್ಸ್ ಹೇಳಿದರು. “ಅಳಿಸಿದ್ರೆ ಯಾರ್ಗೂ ಗೊತ್ತಾಗ್ತಿರ್ಲಿಲ್ಲ. ಆದ್ರೆ ವಿನುತಾ ಬಾಯಿಗೆ ಗೊತ್ತಿತ್ತಲ್ರಾ.” ಈ ಪ್ರಾಮಾಣಿಕತೆ ಕಂಡು ಇದನ್ನು ಬರೆಯುತ್ತಿರುವ ನನಗಂತೂ ಮನಸ್ಸು ತುಂಬಿತು. ಕಾರವಾರದ ಮೇಷ್ಟ್ರು ಕಿಶೋರ ತಮ್ಮ ವಿದ್ಯಾರ್ಥಿಗಳ ಓದಿನ ಪುಟಕ್ಕೆ ಸೇರಿಸಿಕೊಂಡದ್ದೂ ಈ ತಪ್ಪೊಪ್ಪಿಗೆಯನ್ನೇ. ಇಂದು ಕೊಂಡಿ ಕೊಟ್ಟ ತಾಣಗಳು ಇಪ್ಪತ್ಮೂರು, ದಿನದ ಓದುಗರು ಇನ್ನೂರು.

ಚಂಪಾ ಕೇಳಿಕೊಂಡದ್ದು ಒಂದೇ: ಮೇಷ್ಟ್ರ ಪುಟದಲ್ಲಿ ತನ್ನ ಹೆಸರಿರುವಲ್ಲಿ ಅತ್ತೆಯ ಹೆಸರು ಬರಲಿ. ನಿನ್ನೆ ಬಂದಿದೆ. ಚಂಪಾ ಮೊಬೈಲಿನಲ್ಲಿ ಇದೇ ನಿಮ್ಮ ಹೆಸರೆಂದು ತೋರಿಸಿದರೆ ದೇವಿ ಅದರ ಮೇಲೆ ಬೆರಳಿಟ್ಟು ಕೇಳುತ್ತಾರೆ: “ಮುಷ್ಟಿ ಯಾರ್ದು ಅಂತ ಬರ್ದಿದ್ಯಾ?”

“ನಿಮ್ದೇ ಅಂತ ಬರ್ದಿದ್ದೆ, ಅತ್ತೆ.”

“ಹಾಂಗಾದ್ರೆ ಸರಿ,” ಎನ್ನುತ್ತಾರೆ ದೇವಿ, ಉಪ್ಪಿಗೆ ಕೈ ಹಾಕುತ್ತ. “ಇನ್ನು ಯಾರ್ ಮಾಡಿದ್ರೂ ಮೀನು ಕೆಡೂದಿಲ್ಲ.”