ಹನುಮಕ್ಕನ ಹಸಿರು ದೀಪ

ನಾಯಂಡಹಳ್ಳಿಯ ಹನುಮಕ್ಕ ಯಾರನ್ನೂ ಸುಮ್ಮನೆ ನಂಬಿದವಳಲ್ಲ. ಗ್ಯಾಸ್ ಸಿಲಿಂಡರ್ ಬಂದರೆ ಅಲುಗಾಡಿಸಿ ನೋಡಬೇಕು. ಬಾಡಿಗೆಯವರು ನೀರಿನ ಮೋಟಾರ್ ಆಫ್ ಮಾಡಿದೆವು ಎಂದರೆ ಹೋಗಿ ಸ್ವಿಚ್ ಮುಟ್ಟಿ ನೋಡಬೇಕು. ಸೊಸೆ ಸ್ಪಂದನ ಸಾರಿಗೆ ಉಪ್ಪು ಹಾಕುವಾಗಲೂ ಪಕ್ಕದಲ್ಲೇ ನಿಂತಿರಬೇಕು. ಇಂಥ ಹೆಂಗಸಿಗೆ ಕಣ್ಣಿಗೆ ಪೊರೆ ಬರಬೇಕೇ? ಎಡಗಣ್ಣು ಆಗಲೇ ಪೂರ್ತಿ ಮಂಜು. ಬಲಗಣ್ಣಿಗೂ ಬಣ್ಣ ಬಿಟ್ಟರೆ ಅಕ್ಷರ ಕಾಣದು.

ಆಪರೇಷನ್ ಎರಡು ಸಲ ಮುಂದೆ ಹೋಗಿತ್ತು. ಆಸ್ಪತ್ರೆಯಲ್ಲಿ ತೋಳಿಗೆ ಪಟ್ಟಿ ಸುತ್ತಿದ ಕೂಡಲೇ ಅವಳ ಬಿಪಿ ನೂರೆಂಬತ್ತು ದಾಟುತ್ತಿತ್ತು. ದಾಟದೆ ಏನು ಮಾಡೀತು? ಗಂಡ ಹರ್ನಿಯಾಕ್ಕೆಂದು ಆಸ್ಪತ್ರೆಗೆ ನಡೆದುಕೊಂಡೇ ಹೋದವನು, ಬಂದದ್ದು ಹೆಣವಾಗಿ. ಬಿಳಿ ಕೋಟು ಕಂಡರೇ ಅವಳಿಗೆ ಪ್ರಾಣಭಯ. ಸೊಸೆ ಡಾಕ್ಟರ ಕಿವಿಯಲ್ಲಿ ಏನು ಊದುತ್ತಾಳೋ ಎಂದು ಅವಳನ್ನು ಹೊರಗೇ ಕೂರಿಸುತ್ತಿದ್ದಳು.

"ನಿಮಗೆ ನನ್ನ ಕಂಡ್ರೆ ಭಯ ಅಮ್ಮ, ಅಷ್ಟೇ," ಎಂದರು ಡಾಕ್ಟರ್. "ಒಂದು ವಾರ ಮನೇಲಿ ನೋಡ್ಕೊಳ್ಳಿ. ಅಲ್ಲಿ ಸರಿಯಿದ್ರೆ ಆಪರೇಷನ್ ಮಾಡೋಣ. ಇನ್ನೂ ತಡ ಮಾಡಿದ್ರೆ ಕಷ್ಟ."

ಸ್ಪಂದನ ಬಿಪಿ ಮಿಷನ್ ತಂದಳು. ಸರಿಯಿದ್ದರೆ ಹಸಿರು ದೀಪ, ಏರಿದ್ದರೆ ಕೆಂಪು. ದಿನಾ ಬೆಳಗ್ಗೆ ಹಸಿರೇ! ಹನುಮಕ್ಕನಿಗೆ ಕಸಿವಿಸಿ. ಆಸ್ಪತ್ರೆಯಲ್ಲಿ ಅಷ್ಟು ಏರುವುದು ಇಲ್ಲಿ ಎಲ್ಲಿ ಹೋಗುತ್ತದೆ? ಹೇಗಾದರೂ ಮಾಡಿ ತನ್ನನ್ನು ಆಪರೇಷನ್ ಟೇಬಲ್ ಹತ್ತಿಸಲು ಇವಳು ಹೂಡಿದ ಆಟವೇ ಇದು?

"ಎಲ್ಲಿ, ನೀನು ಕಟ್ಕೋ ನೋಡೋಣ," ಎಂದವಳೇ ಮೊಣಕಾಲಿಗೆ ಮೊಣಕಾಲು ತಾಗುವಂತೆ ಸೊಸೆಯ ಮುಂದೆ ಕೂತು ದಿಟ್ಟಿಸಿದಳು.

ಕೆಂಪು ಹತ್ತಿತು.

"ನೋಡ್ದ್ಯಾ! ಈ ವಯಸ್ಸಿಗೆ ನಿಂಗೆ ಬಿಪಿನಾ? ಡಬ್ಬಾ ಮಿಷನ್ ತಂದು ನನ್ನ ಏಮಾರಿಸ್ತೀಯಾ?"

ಸ್ಪಂದನ ತಲೆ ತಗ್ಗಿಸಿಯೇ ಹೇಳಿದಳು: "ಮಿಷನ್ ಸರಿಯಾಗೇ ಇದೆ ಅತ್ತೆ. ನಿಮಗೆ ಡಾಕ್ಟರ್ ಮುಂದೆ ಆಗುತ್ತಲ್ಲ, ನಂಗೆ ನಿಮ್ಮ ಮುಂದೆ ಹಂಗೇ ಆಗುತ್ತೆ. ಮದುವೆಯಾಗಿ ಬಂದಾಗಿಂದ."

ಹನುಮಕ್ಕನಿಗೆ ಆಸ್ಪತ್ರೆಯ ಆ ಕುರ್ಚಿ, ತೋಳಿಗೆ ಬಿಗಿಯುವ ಪಟ್ಟಿ, ಎದುರಿನ ಬಿಳಿ ಕೋಟು ನೆನಪಾದವು. ಅಯ್ಯೋ ಶಿವನೇ, ಅದೇ ಸಂಕಟ ಈ ಹುಡುಗಿಗೆ ದಿನಾ ಒಲೆಯ ಮುಂದೆಯೇ? ಅವಳಿಗೆ ನಾಚಿಕೆಯಾಯಿತು. ಎದ್ದು ಅಡುಗೆಮನೆಗೆ ಹೋದಳು.

"ಸ್ವಲ್ಪ ಸುಧಾರಿಸ್ಕೊಂಡು ಇನ್ನೊಂದ್ಸಲ ನೋಡ್ಕೋ," ಎಂದು ಅಲ್ಲಿಂದಲೇ ಕೂಗಿದಳು.

ತುಸು ಹೊತ್ತಿನ ಮೇಲೆ ಮಿಷನ್ ಕುಂಯ್ ಎಂದಿತು.

"ಏನು ಬಂತೇ?"

"ಹಸಿರು, ಅತ್ತೆ."

ಹನುಮಕ್ಕ ನೋಡಲು ಬರಲಿಲ್ಲ.

"ನಾಡಿದ್ದು ಆಸ್ಪತ್ರೇಲಿ ನೀನು ಹೊರಗೆ ಕೂರ್ಬೇಡ ಕಣಮ್ಮ," ಎಂದಳು. "ನನ್ನ ಪಕ್ಕದಲ್ಲೇ ಇರು."