ತುಲಾಭಾರದಲ್ಲಿ ಮಿಕ್ಕ ಬೆಲ್ಲ

ಡ್ರಿಲ್ ಮಾಸ್ತರನಿಗೆ ಹೊಟ್ಟೆ ಬರಬಾರದು. ನನಗೆ ಬಂದಿತ್ತು. ಪಾವಗಡದ ಹೈಸ್ಕೂಲಿನಲ್ಲಿ ಒಂಬತ್ತು ವರ್ಷ ಕುರ್ಚಿಯಲ್ಲಿ ಕೂತು ಸೀಟಿ ಊದಿ, ಹುರಿದ ಕಡಲೆಕಾಯಿ ಮುಕ್ಕಿ, ಗರಡಿಯಲ್ಲಿ ಬೆಳೆಸಿದ ಮೈಯನ್ನು ನನ್ನ ಕೈಯಾರೆ ಹಾಳು ಮಾಡಿಕೊಂಡಿದ್ದೆ. ಅಲ್ಲಿನ ಹೋಟೆಲಿನವನು "ಬಾಗಾ ಲಾವೈಪೋಯಾರು ಸಾರ್" ಎಂದು ನನ್ನ ದಪ್ಪ ನೋಡಿ ತೆಲುಗಿನಲ್ಲಿ ನಕ್ಕರೆ, "ನಿನ್ನ ಗಂಟೇನು ಹೋಯ್ತಯ್ಯ?" ಎಂದು ಗದರಿ ಇನ್ನೊಂದು ದೋಸೆ ತರಿಸುತ್ತಿದ್ದೆ. ಎಪ್ಪತ್ತರ ದಶಕದ ಕೊನೆಗೆ ಮಧುಗಿರಿಗೆ ವರ್ಗವಾಗಿ ಅವ್ವನ ಜೊತೆ ಇರಲು ಬಂದಾಗ ನನಗೆ ಮೂವತ್ತಾರು. ಮದುವೆ ಆಗಿರಲಿಲ್ಲ, ಮನೆಯಲ್ಲಿ ನಾವಿಬ್ಬರೇ. ಅಪ್ಪ ಇಂಥದ್ದೇ ಹೊಟ್ಟೆ ಹೊತ್ತು, ಮೂವತ್ತೆಂಟಕ್ಕೆ, ಊಟದಿಂದ ಕೈತೊಳೆಯಲು ಎದ್ದವರು ಅಲ್ಲೇ ಕುಸಿದು ಹೋಗಿದ್ದರು. ಅವರ ವಯಸ್ಸು ದಾಟಿ ನಾನು ಬದುಕಬೇಕಿತ್ತು, ಅಷ್ಟೇ.

ಹಾಗಾಗಿ ಮತ್ತೆ ದಂಡ, ಬಸ್ಕಿ, ಬೆಳಗಿನ ಹೊತ್ತು ಬೆಟ್ಟ ಹತ್ತುವುದು ಎಂದು ತೀರ್ಮಾನಿಸಿದೆ. ಶುರು ಮಾಡುವ ಮುನ್ನ ತೂಕ ನೋಡಿಕೊಳ್ಳೋಣವೆಂದು ಪೇಟೆಯ ಹುಣಸೆಹಣ್ಣಿನ ಮಂಡಿಗೆ ಹೋದೆ. ಮೂಟೆ ತೂಗುವ ಸರಪಳಿ ತಕ್ಕಡಿಯ ತಟ್ಟೆಯ ಮೇಲೆ ಕೂರಲು ಹೋದರೆ, ತೂಗುವ ಮುದುಕ ಅಡ್ಡ ಬಂದ.

"ಬ್ಯಾಡಿ ಸಾಮಿ. ಜೀವ ಇರೋರ್ನ ದೇವ್ರ ಮುಂದೆ ಬುಟ್ಟು ಬ್ಯಾರೆ ಎಲ್ಲೂ ತೂಗ್ಬಾರ್ದು. ತೂಗುದ್ ಮ್ಯಾಲೆ ಆ ತೂಕ ದೇವ್ರಿಗೆ ಸಲ್ಬೇಕು. ನೀವು ಸಲ್ಲಿಸ್ದಿದ್ರೆ ಅದು ತಾನಾಗೇ ಸಲ್ಲುತ್ತೆ."

"ಸಲ್ಲಲಿ ಬುಡಯ್ಯ, ಅದಕ್ಕೇ ತಾನೇ ನಾನು ಬಂದಿರೋದು!" ಎಂದು ದೊಡ್ಡ ನಗು ನಕ್ಕೆ. ಅವನು ನಗಲಿಲ್ಲ. ಕಲ್ಲುಗಳನ್ನು ಒಂದೊಂದಾಗಿ ಇಟ್ಟು, ಎಂಬತ್ತನಾಲ್ಕು ಕೆಜಿ ಎಂದ.

ಮೊದಲ ತಿಂಗಳು ನರಕ. ಒಂದು ಕಾಲದಲ್ಲಿ ಮುನ್ನೂರು ಬಸ್ಕಿ ಹೊಡೆದವನಿಗೆ ಮೂವತ್ತಕ್ಕೆ ತೊಡೆ ನಡುಗುತ್ತಿತ್ತು. ಬೆಟ್ಟದ ಕೋಟೆಯ ಮೊದಲ ಬಾಗಿಲಿಗೇ ಏದುಸಿರು. ತೂಕ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಎರಡನೇ ತಿಂಗಳು ಅದು ಇಳಿಯತೊಡಗಿತು ನೋಡಿ, ಅಬ್ಬಬ್ಬಾ, ಎಂಥ ಖುಷಿ! ಪ್ಯಾಂಟಿಗೆ ದಾರ ಕಟ್ಟಿಕೊಂಡು ಊರೆಲ್ಲ ಮೆರೆದೆ.

ಆಮೇಲೆ ಪಾದ ಉಳುಕಿ ಹನ್ನೆರಡು ದಿನ ಹಾಸಿಗೆಯಲ್ಲೇ ಬಿದ್ದುಕೊಂಡೆ. ಬೆಟ್ಟವಿಲ್ಲ, ಬಸ್ಕಿಯಿಲ್ಲ. ಹೊತ್ತುಹೊತ್ತಿಗೆ ಎರಡೆರಡು ಮುದ್ದೆ ಉಂಡೆ. ಎಷ್ಟು ಉಂಡರೂ ಹಸಿವು ಹೋಗುತ್ತಿರಲಿಲ್ಲ. ಎದ್ದ ದಿನ ಕುಂಟುತ್ತಾ ಮಂಡಿಗೆ ಹೋಗಿ ತಕ್ಕಡಿಯಲ್ಲಿ ಕೂತರೆ, ಮುದುಕ ಇಟ್ಟ ಕಲ್ಲುಗಳಲ್ಲಿ ಒಂದನ್ನು ತೆಗೆದ. ಇನ್ನೊಂದನ್ನೂ ತೆಗೆದ. ಹಿಂದಿನ ಸಲಕ್ಕಿಂತ ನಾಲ್ಕು ಕೆಜಿ ಕಮ್ಮಿ! ಅವನು ನನ್ನ ಮುಖವನ್ನೇ ನೋಡಿದ. ನನಗೆ ಮೊದಲ ಸಲ ಹೆದರಿಕೆಯಾಯಿತು.

ಅಲ್ಲಿಂದ ಮುಂದೆ ನಾನು ಹತ್ತಿದರೂ ಇಳಿಯಿತು, ಮಲಗಿದರೂ ಇಳಿಯಿತು. ಒಂದು ಬೆಳಿಗ್ಗೆ ಬಂಡೆ ಹಿಡಿದು ಹತ್ತುವಾಗ ಬೆರಳಿನ ಉಂಗುರ ಕಳಚಿ ಬಿತ್ತು. ಅದು ಟಣ್ ಟಣ್ ಎಂದು ಉರುಳುವ ಸದ್ದು ಕೆಳಗಿನವರೆಗೂ ಕೇಳಿಸಿತು, ಉಂಗುರ ಸಿಗಲಿಲ್ಲ. ಸಿರಾ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಎದುರಿಗೇ ಬಂದು, ನನ್ನ ಮುಖ ನೋಡಿ, ಗುರುತು ಹಿಡಿಯದೆ ಹೋಗಿಬಿಟ್ಟರು. ಕರೆಯಲು ನನಗೂ ಧೈರ್ಯ ಬರಲಿಲ್ಲ. ಬೆಟ್ಟದ ಬುಡದಲ್ಲಿ ನಾನು ಮೂತ್ರಕ್ಕೆ ನಿಲ್ಲುತ್ತಿದ್ದ ಒಂದು ಕಲ್ಲಿತ್ತು. ಮಾರನೇ ದಿನ ಹೋದರೆ ಅದರ ಮೇಲೆ, ಒದ್ದೆಯಾಗಿದ್ದಷ್ಟೇ ಜಾಗದಲ್ಲಿ, ಇರುವೆಗಳು ಕಪ್ಪಗೆ ಮುತ್ತಿರುತ್ತಿದ್ದವು. ಕಲ್ಲು ಬದಲಾಯಿಸಿದೆ. ಅಲ್ಲಿಗೂ ಬಂದವು.

ಅವ್ವನಿಗೆ ಹೇಳಿದೆ. ಮುದುಕ ಹೇಳಿದ್ದನ್ನೂ ಹೇಳಿದೆ. ಅವಳು ಎದೆ ಎದೆ ಬಡಿದುಕೊಂಡಳು. "ಅಯ್ಯೋ ನನ್ ಮಗನೇ, ಇಷ್ಟ್ ದಿನ ಬಾಯಲ್ಲೇನ್ ಇಟ್ಕಂಡಿದ್ಯೋ? ತುಲಾಭಾರ ಮಾಡ್ಸಿದ್ರೆ ಮುಗೀತಿತ್ತಲ್ಲೋ!"

ಮುಂದಿನ ಸೋಮವಾರ ಕೊರಟಗೆರೆ ಕಡೆಯ ನಮ್ಮ ಮನೆದೇವರ ಗುಡಿಗೆ ಹೋದೆವು. ಕಮ್ಮಿ ಬೀಳಬಾರದೆಂದು ಅವ್ವ, ಮೊದಲು ತೂಗಿದಷ್ಟು, ಎಂಬತ್ತನಾಲ್ಕು ಕೆಜಿ ಬೆಲ್ಲ ತರಿಸಿದ್ದಳು. ನಾನು ಒಂದು ತಟ್ಟೆಯಲ್ಲಿ ಕೂತೆ. ಅರ್ಚಕರು ಇನ್ನೊಂದರಲ್ಲಿ ಬೆಲ್ಲ ಪೇರಿಸುತ್ತಾ ಹೋದರು. ತಕ್ಕಡಿ ಸಮ ನಿಂತಾಗಲೂ ಚೀಲದಲ್ಲಿ ಹದಿನಾರು ಕೆಜಿ ಮಿಕ್ಕಿತ್ತು. ನನ್ನೊಳಗಿಂದ ಎದ್ದುಹೋದದ್ದು ಅದೇ ಚೀಲದೊಳಗೆ ಕೂತು ನನ್ನನ್ನು ನೋಡುತ್ತಿದೆ ಅನ್ನಿಸಿತು.

ಅದನ್ನೂ ದೇವರಿಗೇ ಒಪ್ಪಿಸಿ ಎಂದು ಅರ್ಚಕರು ಅಂದರು. ಅವ್ವ ಚೀಲವನ್ನು ತಬ್ಬಿ ಹಿಡಿದುಕೊಂಡಳು. "ದೇವ್ರುದು ದೇವ್ರಿಗೆ ಸಂದಾಯ್ತು. ಇದು ನನ್ ಮಗನ ಮೈಯಿಂದ ಹೋಗಿರೋದು. ಅವ್ನೇ ತಿಂದು ವಾಪಸ್ ತುಂಬ್ಕಬೇಕು. ಬ್ಯಾರೆ ಯಾರೂ ಮುಟ್ಟಂಗಿಲ್ಲ."

ನಾನು, ಮಕ್ಕಳಿಗೆ ಆರೋಗ್ಯದ ಪಾಠ ಹೇಳುವ ಮಾಸ್ತರು, ಅದನ್ನು ನಂಬಿದೆನೇ? ನಂಬಿದೆ. ಹೆದರಿದವನಿಗೆ ಓದು ಎಲ್ಲಿ ನೆನಪಿರುತ್ತದೆ? ಬೆಳಿಗ್ಗೆ ಬೆಲ್ಲದ ಪಾನಕ, ಮಧ್ಯಾಹ್ನ ಮುದ್ದೆಯ ಮೇಲೆ ಬೆಲ್ಲ, ರಾತ್ರಿ ಪಾಯಸ. ಅವ್ವ ಪಕ್ಕದಲ್ಲೇ ಕೂತು ತನ್ನ ಕೈಯಾರೆ ಕಲಸಿ ಹಾಕುತ್ತಿದ್ದಳು. ಸಾಕು ಅಂದರೆ, "ಇದು ನೀನೇ ಕಣ್ಲಾ, ಬುಡ್ಬ್ಯಾಡ, ಉಣ್ಣು" ಅನ್ನುತ್ತಿದ್ದಳು. ಉಂಡಷ್ಟೂ ಬಾಯಾರಿಕೆ. ಕೊಡಗಟ್ಟಲೆ ನೀರು ಕುಡಿದೆ.

ಮೂರನೇ ವಾರ, ಅಭ್ಯಾಸ ಬಿಡಲಾರದೆ ಹತ್ತುತ್ತಿದ್ದ ಬೆಟ್ಟದ ಅರ್ಧದಲ್ಲಿ, ಹಿಂದಿನಿಂದ ಯಾರೋ ಜೋರಾಗಿ ಉಸಿರು ಬಿಡುತ್ತಾ ಹತ್ತುತ್ತಿರುವುದು ಕೇಳಿಸಿತು. ತಿರುಗಿ ನೋಡಿದೆ, ಯಾರೂ ಇಲ್ಲ. ನಿಂತೆ. ಉಸಿರು ನಿಲ್ಲಲಿಲ್ಲ. ಅದು ನನ್ನದೇ ಎದೆಯಿಂದ ಬರುತ್ತಿತ್ತು. ನಾನು ಹಿಡಿದರೂ ಅದು ಹಿಡಿತಕ್ಕೆ ಸಿಗಲಿಲ್ಲ. ಬಾಯಿಂದ ಕೊಳೆಯುವ ಹಣ್ಣಿನ ವಾಸನೆ. ಆಡು ಮೇಯಿಸುತ್ತಿದ್ದ ಹೆಂಗಸೊಬ್ಬಳು "ಯಾಕಣ್ಣ?" ಎಂದು ಕೂಗಿದ್ದು ಕೇಳಿಸಿತು, ಅಷ್ಟೇ ನೆನಪು.

ಕಣ್ಣು ಬಿಟ್ಟಾಗ ತುಮಕೂರಿನ ಆಸ್ಪತ್ರೆ. "ಸಕ್ಕರೆ ಕಾಯಿಲೆ," ಎಂದರು, ಅವ್ವನಿಂದ ಎಲ್ಲ ಕೇಳಿ ತಿಳಿದಿದ್ದ ಡಾಕ್ಟರು. "ತಿಂಗಳುಗಳಿಂದ ನಿಮ್ಮನ್ನು ಕರಗಿಸಿದ್ದು ಅದು. ಇರುವೆ ಮುತ್ತಿದ ದಿನವೇ ಬರಬೇಕಿತ್ತು. ಅದು ಬಿಟ್ಟು ಬೆಲ್ಲ ತಿಂದಿರಾ?" ಬದುಕುತ್ತೀರಿ, ಆದರೆ ಇನ್ನು ದಿನಾ ಸೂಜಿ, ಎಂದು ಹೇಳಿ ಹೋದರು.

ಗೋಡೆಗೆ ಒರಗಿ ನಿಂತಿದ್ದ ಅವ್ವ ಮೆಲ್ಲಗೆ ಕೇಳಿದಳು. "ಅಂಗಾರೆ ನಾನೇ ಉಣ್ಸಿ ಉಣ್ಸಿ ನಿನ್ನ ಇಂಗ್ ಮಾಡ್ದೆನಾ?"

ನನಗೆ ಸಿಟ್ಟು ನೆತ್ತಿಗೇರಿತ್ತು. ಹೆದರಿಕೆಯೂ ಇತ್ತು. "ಮತ್ತಿನ್ಯಾರು?" ಅಂದುಬಿಟ್ಟೆ.

ಅವಳು ಅಳಲಿಲ್ಲ. ನಾನು ಅಪ್ಪನ ವಯಸ್ಸು ದಾಟಿದೆ, ಬೆಟ್ಟವನ್ನೂ ಮತ್ತೆ ಹತ್ತಿದೆ. ಅವ್ವ ಇನ್ನೂ ಒಂಬತ್ತು ವರ್ಷ ಇದ್ದಳು. ಡಾಕ್ಟರು ಹೇಳಿದ ಅಳತೆಯಲ್ಲೇ ಅಡುಗೆ ಮಾಡಿ, ಪಾತ್ರೆಗಳನ್ನು ನನ್ನ ಮುಂದಿಟ್ಟು, ಹೊಸಿಲ ಬಳಿ ಹೋಗಿ ಕೂರುತ್ತಿದ್ದಳು. ಬಡಿಸವ್ವ ಅಂದರೆ, "ನೀನೇ ಆಕ್ಕೊಳ್ಳಪ್ಪ" ಅನ್ನುತ್ತಿದ್ದಳು. ಒಂದು ದಿನ ತಡೆಯಲಾರದೆ ಅವಳ ಕಾಲು ಹಿಡಿದು, ತಪ್ಪಾಯ್ತು ಕಣವ್ವ, ಒಂದು ತುತ್ತು ಹಾಕು ಅಂದೆ.

"ಸಿಟ್ಟೇನಿಲ್ಲ ಕಣಪ್ಪ," ಅಂದಳು. "ಕೈ ಬರಾಕಿಲ್ಲ." ಬಲಗೈಯನ್ನು ಸೆರಗಿನೊಳಗೇ ಇಟ್ಟುಕೊಂಡಿದ್ದಳು.