ಕೆಂಚಿಯ ಬಾಯಿಗೆ ಅಕ್ಷತೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎಮ್ಮೆಯೂ ಇರಲಿಲ್ಲ, ಆಕಳೂ ಇರಲಿಲ್ಲ. ಆದರೆ ಅಂಗಳದಲ್ಲಿ ಗೌರಿ, ಕಪಿಲೆ, ಕೆಂಚಿ ಅಂತ ಮೂವರಿದ್ದರು. ಮೂರೂ ರೇಸಿನ ಮೋಟಾರ್ ಸೈಕಲ್ಲುಗಳು. ನಗಬೇಡಿ, ಪೂರ್ತಿ ಕೇಳಿ. ಅಪ್ಪ ವಾರವೆಲ್ಲ ರೈಲ್ವೆಯಲ್ಲಿ ಫಿಟ್ಟರ್. ಮಲ್ಕಾಜ್‌ಗಿರಿಯ ನಮ್ಮ ಗಲ್ಲಿಯಲ್ಲಿ ಅರ್ಧ ಜನ ರೈಲ್ವೆಯವರೇ. ರೇಸಿನ ದಿನ ಮಾತ್ರ ಅವನು ಚಾಂಪಿಯನ್. ಗಾಡಿಗಳಿಗೆ ಹೆಸರಿಟ್ಟವಳು ನನ್ನ ಅಜ್ಜಿ. ಬೀದರ್ ಕಡೆಯ ಹಳ್ಳಿಯಲ್ಲಿ ದನಗಳ ನಡುವೆ ಬೆಳೆದವಳು, ಹಟ್ಟಿಗೆ ಬಂದದ್ದಕ್ಕೆ ಹೆಸರಿಲ್ಲದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಗೌರಿ ಅಪ್ಪನ ಮೊದಲ ಗಾಡಿ. ಮಿಲಿಟರಿಯವರು ಹರಾಜಿಗಿಟ್ಟ ಹಳೆಯದು, ಕಬ್ಬಿಣದ ಗುಡ್ಡ. ಅದನ್ನು ತಿರುವಿನಲ್ಲಿ ಬಾಗಿಸುವುದೇ ಒಂದು ಕುಸ್ತಿ, ಆದರೂ ಅಪ್ಪ ಮೊದಲ ಕಪ್ ಗೆದ್ದದ್ದು ಅದರ ಮೇಲೆಯೇ. ಕಪಿಲೆ ಹಗುರ, ಓಟಗಾತಿ, ಆದರೆ ಮಹಾ ಸಿಟ್ಟಿನವಳು. ಮೈ ಬಿಸಿಯಾದರೆ ನಿಂತಲ್ಲೇ ನಿಂತುಬಿಡುತ್ತಿದ್ದಳು. ಚಾಂಪಿಯನ್ ಪಟ್ಟ ತಂದುಕೊಟ್ಟವಳು ಕೆಂಚಿ. ಅವಳನ್ನು ಅಪ್ಪ ಎಲ್ಲಿಂದಲೂ ಕೊಂಡು ತಂದದ್ದಲ್ಲ. ನಾಚಾರಂ ಕಾರ್ಖಾನೆಗಳ ಹಿಂದಿನ ಗುಜರಿ ಅಂಗಡಿಗಳಲ್ಲಿ ಒಂದೊಂದೇ ಭಾಗ ಹುಡುಕಿ, ನಮ್ಮ ಅಂಗಳದ ಬೇವಿನ ಮರದ ಕೆಳಗೆ ಕೂತು ಕಟ್ಟಿದ್ದು. ಮೈಗೆ ಕೆಂಪು ಬಣ್ಣ. ದೀಪವಿಲ್ಲ, ಹಾರ್ನ್ ಇಲ್ಲ, ಮಡ್‌ಗಾರ್ಡ್ ಇಲ್ಲ. ತೂಕ ಇಳಿಯಲೆಂದು ಬ್ರೇಕಿನ ಪೆಡಲಿಗೂ ತೂತು ಕೊರೆದಿದ್ದ. ಎಂಜಿನ್‌ಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಕಾರ್ಬ್ಯುರೇಟರ್ ಇರುತ್ತದಲ್ಲ, ಅದಕ್ಕೆ ಗಾಳಿ ಸೋಸುವ ಡಬ್ಬಿಯನ್ನೂ ಹಾಕಿರಲಿಲ್ಲ. ಹೆಚ್ಚು ಗಾಳಿ ಎಳೆದುಕೊಳ್ಳಲಿ ಎಂದು ಅದರ ಬಾಯಿ ಅಗಲವಾಗಿ ತೆರೆದೇ ಇರುತ್ತಿತ್ತು. ಗಾಡಿ ನಿಂತಿರುವಾಗ ಧೂಳು ಹೋಗದಂತೆ ಅಪ್ಪ ಆ ಬಾಯಿಗೆ ಒಂದು ಬಟ್ಟೆ ಕಟ್ಟುತ್ತಿದ್ದ.

ಅಪ್ಪನ ಜೊತೆ ಬೇವಿನ ಮರದ ಕೆಳಗೆ ಕೂರುತ್ತಿದ್ದವಳು ಅಕ್ಕ. ಆಗಷ್ಟೇ ಶಾಲೆ ಮುಗಿಸಿದ್ದಳು. ಅವಳ ಜಡೆಗೆ ಮಲ್ಲಿಗೆ ಮುಡಿಸಿದರೂ ಹತ್ತಿರ ಹೋದರೆ ಪೆಟ್ರೋಲಿನ ವಾಸನೆಯೇ. ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಓದಬೇಕು ಎಂಬುದು ಅವಳ ಹಟ. ಟೈಪಿಂಗ್ ಕಲಿಯಲಿ ಎಂಬುದು ಅವ್ವನ ಹಟ. ಅಪ್ಪ ಜಾಣ, ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಆ ವರ್ಷ ಎಂಜಿನ್ ನೋಡಿಕೊಳ್ಳುತ್ತಿದ್ದ ಅಪ್ಪನ ಗೆಳೆಯನಿಗೆ ವಿಜಯವಾಡಕ್ಕೆ ವರ್ಗವಾಯಿತು. ಕೆಂಚಿಯ ಎಂಜಿನ್ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದವಳು ಅಕ್ಕ ಒಬ್ಬಳೇ. ಅದನ್ನು ನೋಡಿ ಅಪ್ಪ ಕೊನೆಗೆ ಬಾಯಿ ಬಿಟ್ಟ. "ಈ ಎಂಜಿನ್ ರೇಸ್ ಮುಗಿಯೂತನಾ ಓಡಿದ್ರ ನಿನ್ನ ಪಾಲಿಟೆಕ್ನಿಕ್‌ಗೆ ಹಚ್ತೀನಿ. ನಡುವ ಕೈಕೊಟ್ರ ನಿಮ್ಮವ್ವ ಹೇಳಿದಂಗ ಕೇಳಬೇಕು ನೋಡು." ಅಕ್ಕ ತಲೆಯಾಡಿಸಿದಳು. ಆ ರಾತ್ರಿ ಅವಳು ನಿದ್ದೆ ಮಾಡಲಿಲ್ಲ, ಪಕ್ಕದಲ್ಲಿ ಮಲಗಿದ್ದ ನನಗೂ ಮಾಡಗೊಡಲಿಲ್ಲ.

ರೇಸ್ ಇದ್ದದ್ದು ವಿಜಯದಶಮಿಯ ದಿನ. ಅದರ ಹಿಂದಿನ ದಿನ ಮನೆಯಲ್ಲಿ ಖಂಡೆ ಪೂಜೆ, ಅದೇ ಆಯುಧ ಪೂಜೆ. ಅವ್ವನ ಈಳಿಗೆ, ಕತ್ತರಿ, ಅಪ್ಪನ ಸುತ್ತಿಗೆ, ಸ್ಪ್ಯಾನರುಗಳು ಸಾಲಾಗಿ ಕೂತಿದ್ದವು. ನಡುವೆ ಚೆಂಡು ಹೂವಿನ ಮಾಲೆ ಹಾಕಿಕೊಂಡು ಕೆಂಚಿ. ಊದುಬತ್ತಿ, ಕೊಯ್ದ ನಿಂಬೆಹಣ್ಣು, ಎಂಜಿನ್ ಎಣ್ಣೆ, ಎಲ್ಲ ಸೇರಿ ಒಂದು ಘಮ ಬರುತ್ತಿತ್ತು. ಇವತ್ತಿಗೂ ದಸರಾ ಅಂದರೆ ನನ್ನ ಮೂಗಿಗೆ ಅದೇ. ಅಜ್ಜಿ ಆರತಿ ತಟ್ಟೆ ಎತ್ತಿದವಳು ಕೆಂಚಿಯ ಬಾಯಿಗೆ ಕಟ್ಟಿದ್ದ ಬಟ್ಟೆ ನೋಡಿ ಹಾಗೇ ನಿಂತಳು. "ಹಬ್ಬದ ದಿನ ಆಕಳ ಬಾಯಿ ಕಟ್ಟಿ ಪೂಜಾ ಮಾಡ್ತಾರೇನಪಾ? ಬಿಚ್ಚು ಮೊದಲ."

ಎಂಥ ತಿರುವಿನಲ್ಲೂ ಹೆದರದ ಅಪ್ಪ ಅಜ್ಜಿಯ ಮುಂದೆ ಮಾತ್ರ ಬೆಕ್ಕಿನ ಮರಿ. ಸುಮ್ಮನೆ ಬಿಚ್ಚಿದ. ಅಜ್ಜಿ ಎಲ್ಲರ ಕೈಗೂ ಅರಿಶಿನದ ಅಕ್ಷತೆ ಕೊಟ್ಟು, ನಮ್ಮ ಕೆಂಚಿ ಸುಖವಾಗಿ ಓಡಿ ಬರಲಿ ಎಂದು ಬೇಡಿಕೊಳ್ಳುತ್ತ ಹಾಕಿಸಿದಳು. ನಾವೆಲ್ಲ ಮನಸಾರೆ ಹಾಕಿದೆವು, ಅಪ್ಪ ಎಲ್ಲರಿಗಿಂತ ದೊಡ್ಡ ಹಿಡಿ. ಅಕ್ಕ ಒಳಗೆ ಹೋಳಿಗೆಯ ಹಂಚಿನ ಮುಂದಿದ್ದಳು. ಇನ್ನು, ಪೂಜೆಗಿಟ್ಟ ಹತಾರಗಳನ್ನು ಆ ದಿನ ಯಾರೂ ಮುಟ್ಟುವ ಹಾಗಿಲ್ಲ, ಅದು ನಮ್ಮ ಪದ್ಧತಿ. ಒಮ್ಮೆ ಸ್ಟಾರ್ಟ್ ಮಾಡಿ ನೋಡುತ್ತೇನೆ ಎಂದು ಅಕ್ಕ ಸಂಜೆಯವರೆಗೂ ಗೋಗರೆದಳು. ಅಜ್ಜಿ ಜಪ್ಪಯ್ಯ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ಲಾರಿಯಲ್ಲಿ ಕೆಂಚಿಯ ಜೊತೆಗೇ ಹತ್ತಿ ಊರ ಹೊರಗಿನ ಹಳೆಯ ವಿಮಾನ ಪಟ್ಟಿಗೆ ಹೋದೆವು. ಅಲ್ಲೇ ರೇಸ್. ಮಿರ್ಚಿ ಬಜ್ಜಿಯ ಬಾಣಲೆಗಳು, ಚಹಾದ ಹೊಗೆ, ಕಾದ ಸಿಮೆಂಟು, ಕಿವಿ ತುಂಬ ಎಂಜಿನ್ನುಗಳ ಗದ್ದಲ. ಅಪ್ಪ ಕಪ್ಪು ಜಾಕೆಟ್ ತೊಟ್ಟು ಕೆಂಚಿಯನ್ನು ತಳ್ಳಿ ಸ್ಟಾರ್ಟ್ ಮಾಡಿದ. ಅದು ಒಮ್ಮೆಲೇ ಕಿರುಚಿಕೊಂಡಿತು. ಅಪ್ಪ ಅಕ್ಸಿಲರೇಟರ್ ಪೂರ್ತಿ ಬಿಟ್ಟರೂ ಸದ್ದು ಇಳಿಯಲಿಲ್ಲ. ಗಾಬರಿಯಾಗಿ ಬಂದ್ ಮಾಡಿದ. ಇನ್ನೊಮ್ಮೆ ನೋಡಿದರೂ ಅದೇ ಕಥೆ.

"ಉಸ್ತಾದ್, ಇಂಜಿನ್ ಹುಡುಗಿ ಕೈಯಾಗ ಕೊಡಬ್ಯಾಡ್ರಿ ಅಂತ ಹೇಳಿದ್ದೆ ನಾ," ಅಂದ ಅಪ್ಪನ ಜೊತೆಗಾರನೊಬ್ಬ. ಅಕ್ಕನ ಮುಖ ಬಿಳಿಚಿಕೊಂಡಿತು. ಅವ್ವ ಆ ಕಡೆ ತಿರುಗಿದಳು. ನನಗಂತೂ ಅಳುವೇ ಬಂತು, ಅತ್ತುಬಿಟ್ಟೆ.

ಅಕ್ಕ ಅಳಲಿಲ್ಲ. ಲಂಗ ಮಡಚಿ ಸಿಕ್ಕಿಸಿಕೊಂಡು ಕೂತು ಕಾರ್ಬ್ಯುರೇಟರ್ ಬಿಚ್ಚಿದಳು. ಗಾಳಿಯ ದಾರಿ ತೆರೆದು ಮುಚ್ಚುವ ಪುಟ್ಟ ಬಾಗಿಲಿನ ಕೆಳಗೆ, ಅದು ಮುಚ್ಚಿಕೊಳ್ಳದಂತೆ, ಮೂರು ಹಳದಿ ಅಕ್ಕಿಕಾಳು ಸಿಕ್ಕಿಕೊಂಡಿದ್ದವು. ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕರು. "ನನ್ನ ಬಾಯಾಗ ಮಣ್ಣ ಬೀಳಲಿ, ಬಿಚ್ಚಿಸಿದಾಕಿ ನಾನ," ಎಂದು ಅಜ್ಜಿ ತಲೆಯ ಮೇಲೆ ಕೈಹೊತ್ತಳು.

"ಜಲ್ದಿ ಹಚ್ಚವ್ವಾ, ಟೈಮ್ ಇಲ್ಲ," ಎಂದ ಜೊತೆಗಾರ. ಉಳಿದ ಗಾಡಿಗಳು ಆಗಲೇ ಸಾಲಾಗಿ ನಿಂತಿದ್ದವು. ಅಕ್ಕ ಅಪ್ಪನನ್ನೇ ನೋಡಿದಳು. "ಒಳಗ ಇನ್ನೂ ಕಾಳು ಹೋಗಿದ್ರ? ಪೈಪ್ ಬಿಚ್ಚಿ ನೋಡೂತನಾ ನಾ ಗಾಡಿ ಕೊಡಂಗಿಲ್ಲಪ್ಪಾ."

ಅಪ್ಪ ಬಾವುಟ ಹಿಡಿದವನನ್ನು ನೋಡಿದ. ಆ ರೇಸ್ ಗೆದ್ದರೆ ಪಟ್ಟ ಇನ್ನೊಂದು ವರ್ಷ ಅವನದೇ. ಮದ್ರಾಸಿನ ಒಬ್ಬ ಹುಡುಗ ಹೊಚ್ಚ ಹೊಸ ಗಾಡಿಯ ಮೇಲೆ ಕಾಯುತ್ತಿದ್ದ. ಅಪ್ಪ ಹೆಲ್ಮೆಟ್ ತೆಗೆದು ಕೆಳಗಿಟ್ಟು, ಅಕ್ಕನ ಪಕ್ಕ ನೆಲದ ಮೇಲೆ ಕೂತ. "ಬಿಚ್ಚು. ನಾ ಬ್ಯಾಟರಿ ಹಿಡೀತೀನಿ."

ಬಾವುಟ ಬಿತ್ತು. ಗಾಡಿಗಳೆಲ್ಲ ಗುಡುಗುತ್ತ ಹೋದವು. ಅಪ್ಪ ತಲೆ ಎತ್ತಲಿಲ್ಲ, ಬ್ಯಾಟರಿಯ ಬೆಳಕು ಅಲುಗಾಡಲಿಲ್ಲ. ಪೈಪಿನ ಕೊನೆಯಲ್ಲಿ, ಎಂಜಿನ್ನಿನ ಬಾಗಿಲಿಗೆ ಅಂಟಿಕೊಂಡು ಇನ್ನೊಂದು ಕಾಳು ಕೂತಿತ್ತು. ಅಕ್ಕ ಅದನ್ನು ಕಡ್ಡಿಯಿಂದ ತೆಗೆದು ಜೊತೆಗಾರನ ಅಂಗೈಯಲ್ಲಿಟ್ಟಳು. ಅವನು ಸ್ಪ್ಯಾನರ್ ಎತ್ತಿ ಅವಳ ಕೈಗೆ ಕೊಟ್ಟ.

ಅಪ್ಪ ಹೊರಟಾಗ ಉಳಿದವರು ಎರಡು ಸುತ್ತು ಮುಂದಿದ್ದರು. ಅಬ್ಬ, ಆ ದಿನ ಅವನು ಓಡಿಸಿದ್ದನ್ನು ನೀವು ನೋಡಬೇಕಿತ್ತು. ತಿರುವಿನಲ್ಲಿ ಮೊಣಕಾಲು ನೆಲಕ್ಕೆ ತಾಗುವಷ್ಟು ಬಾಗಿ ಒಬ್ಬೊಬ್ಬರನ್ನೇ ಹಿಂದೆ ಹಾಕಿದ. ಆದರೂ ಎರಡು ಸುತ್ತು ಅಂದರೆ ಎರಡು ಸುತ್ತು. ಪಟ್ಟ ಮದ್ರಾಸಿನ ಹುಡುಗನ ಪಾಲಾಯಿತು, ಅಪ್ಪ ಐದನೆಯವನಾದ. ಅಕ್ಕ ಮಾತ್ರ ಗಾಡಿ ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುತ್ತಿದ್ದಳು. ಕೊನೆಯ ಗೆರೆ ದಾಟುವವರೆಗೂ ಕೆಂಚಿ ಒಮ್ಮೆಯೂ ಕೆಮ್ಮಲಿಲ್ಲ.

ಅಪ್ಪ ಬಂದು ಹೆಲ್ಮೆಟ್ ತೆಗೆದ. ಮುಖವೆಲ್ಲ ಮಸಿ. ಅವನು ಅವ್ವನ ಕಡೆ ಒಮ್ಮೆ ನೋಡಿ, ಅಕ್ಕನಿಗೆ ಹೇಳಿದ, "ಕಾಲೇಜ್ ಜೂನ್‌ದಾಗ ಸುರು. ಅಲ್ಲೀತನಾ ಖಾಲಿ ಕೂಡಬ್ಯಾಡ, ಕಪಿಲೆ ಎಂಜಿನ್ ಬಿಚ್ಚು." ಅವ್ವ ಸೆರಗಿನಿಂದ ಅಕ್ಕನ ಕೆನ್ನೆಯ ಎಣ್ಣೆ ಒರೆಸಿದಳು. ಅಷ್ಟು ಸಂತೋಷ ನನಗೆ ಅಪ್ಪ ಗೆದ್ದ ಯಾವ ದಿನವೂ ಆಗಿರಲಿಲ್ಲ.

ಅಕ್ಕ ಆ ಕಾಲೇಜಿನ ಮೆಕ್ಯಾನಿಕಲ್ ತರಗತಿಗೆ ಒಬ್ಬಳೇ ಹುಡುಗಿಯಾಗಿ ಹೋದಳು, ನಾಚಾರಂನ ಕಾರ್ಖಾನೆಯೊಂದರಲ್ಲಿ ನಿವೃತ್ತಿಯವರೆಗೆ ಯಂತ್ರಗಳ ಜೊತೆ ಬಾಳಿದಳು. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ನಿಮ್ಮಲ್ಲೊಬ್ಬಳು, ಶಂಶಾಬಾದಿನಲ್ಲಿ ವಿಮಾನ ರಿಪೇರಿ ಕಲಿಯುತ್ತೇನೆ ಎಂದಳು. ಅವಳಪ್ಪ ತಟ್ಟೆಯಿಂದ ತಲೆ ಎತ್ತದೆ, "ಆಯ್ತು, ಕಲಿ. ಇನ್ನೊಂದು ಚಪಾತಿ ಹಾಕ್ಕೋ," ಅಂದ. ಅವಳು ಹಾಕಿಕೊಂಡಳು. ನೀವೆಲ್ಲ ಮತ್ತೆ ನಿಮ್ಮ ಫೋನು ನೋಡತೊಡಗಿದಿರಿ. ನಿಮ್ಮ ಈ ಅಜ್ಜಿ ಯಾಕೆ ತುತ್ತು ಕೈಯಲ್ಲೇ ಹಿಡಿದು ಕೂತಿದ್ದಾಳೆ ಎಂದು ಆಮೇಲೆ ಕೇಳಿದಿರಲ್ಲ, ಇದಕ್ಕೇ ಮಕ್ಕಳೇ. ಅದೇ "ಕಲಿ" ಎಂಬ ಮಾತಿಗೆ ನಮ್ಮ ಮನೆಯಲ್ಲಿ ಅಂದು ನನ್ನಪ್ಪ ತನ್ನ ಪಟ್ಟ ಬಿಟ್ಟುಕೊಟ್ಟಿದ್ದ.